ಜೇನು ಹರಳಿನವರಿಗೆ ಮಾತ್ರ

ವಾಚಕ ಮಹಾಶಯರ ಸನ್ನಿಧಿಯಲ್ಲಿ ಈ ಅಲೆಮಾರಿಯ ಸವಿನಯ ಬಿನ್ನಹವೇನೆಂದರೆ, ಮುಂದೆ ನಿರೂಪಿತವಾಗಲಿರುವ ಸಂಗತಿಗಳು ಘಟಿಸಿದ ಪಟ್ಟಣವನ್ನು ತಾವು ಯಾವ ಭೂಪಟದಲ್ಲಿಯೂ ಅರಸತಕ್ಕದ್ದಲ್ಲ. ಇಳಿಯಬೇಕಾದ ಊರು ನಿದ್ದೆಯಲ್ಲಿ ದಾಟಿಹೋದ ಕಾರಣ ನಾನು ಅಲ್ಲಿ ಇಳಿದೆನೇ ಹೊರತು ಬೇರಾವ ಘನೋದ್ದೇಶವೂ ನನಗಿರಲಿಲ್ಲ. ನನ್ನ ವಿದ್ಯಾಭ್ಯಾಸವೆಂಬುದು ಬಸ್ ನಿಲ್ದಾಣಗಳಲ್ಲಿ ಅರ್ಧಬೆಲೆಗೆ ಸಿಕ್ಕುವ ಪತ್ತೇದಾರಿ ಕಾದಂಬರಿಗಳಲ್ಲಿ ಆರಂಭವಾಗಿ ಅಲ್ಲಿಯೇ ಮುಕ್ತಾಯವಾದದ್ದು. ಆದಕಾರಣ ನನ್ನ ಶೈಲಿಯು ಎಲ್ಲಿಯಾದರೂ ಕೋಟು ತೊಟ್ಟು ನಿಂತಂತೆ ಕಂಡರೆ ಕ್ಷಮೆಯಿರಲಿ. ಒಳಗಿನ ಅಂಗಿ ನನ್ನದೇ.

ಆ ಪಟ್ಟಣದ ಹೆಂಗಸರ ಮೂಗುಬೊಟ್ಟಿನ ಹರಳು ತಿಂಗಳಿಗೆ ನಾಲ್ಕು ಬಣ್ಣ ತಳೆಯುತ್ತದೆ. ಮುಟ್ಟಿನ ದಿನಗಳಲ್ಲಿ ಕೆಂಪು, ಅದು ಕಳೆದ ಮೇಲೆ ಹಾಲಿನ ಬಿಳುಪು, ತಿಂಗಳ ನಡುವೆ ಜೇನಿನ ಬಣ್ಣ, ಅನಂತರ ಮತ್ತೆ ಕೆಂಪಾಗುವವರೆಗೆ ಹೊಗೆಯ ಬಣ್ಣ. ತೀರಿಕೊಂಡವರ ಹರಳು ಆ ದಿನ ಯಾವ ಬಣ್ಣದಲ್ಲಿತ್ತೋ ಅದರಲ್ಲಿಯೇ ಶಾಶ್ವತವಾಗಿ ನಿಂತುಬಿಡುತ್ತದೆ. ಊರಿನವರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಬಸ್ಸಿನ ಕಂಡಕ್ಟರು ಚಿಲ್ಲರೆ ಇಲ್ಲವೆನ್ನುವ ಮುನ್ನ ಒಮ್ಮೆ ಮೂಗಿನ ಕಡೆ ಕಣ್ಣು ಹಾಯಿಸುತ್ತಾನೆ. ಶಾಲೆಯ ಮಕ್ಕಳು ಟೀಚರಮ್ಮ ಗೇಟು ದಾಟುವಷ್ಟರಲ್ಲಿ ಬಣ್ಣ ಗುರುತಿಸಿ, ಹೊಗೆಯಾಗಿದ್ದರೆ ಮನೆಗೆಲಸದ ಪುಸ್ತಕವನ್ನು ತಾವಾಗಿಯೇ ಮುಂದಿಡುತ್ತಾರೆ. ಗಂಡಂದಿರು ತಾವು ನೋಡುವುದೇ ಇಲ್ಲವೆಂದು ಆಣೆಯಿಡುತ್ತಾರೆ. ಹರಳಿನ ಮೇಲೆ ಉಗುರುಬಣ್ಣ ಬಳಿದುಕೊಂಡು ಓಡಾಡುವ ಕಾಲೇಜು ಹುಡುಗಿಯರೂ ಉಂಟು. ಆದರೆ ಒಬ್ಬರ ಮೂಗುಬೊಟ್ಟನ್ನು ಇನ್ನೊಬ್ಬರು ಧರಿಸುವುದು ಎಂಜಲು ಉಂಡಷ್ಟೇ ಹೇಸಿಗೆಯೆಂದು ಎಲ್ಲರೂ ಒಕ್ಕೊರಲಿನಿಂದ ಹೇಳುತ್ತಿದ್ದರು.

ಊರಿಗೆ ಇದ್ದವರು ಒಬ್ಬರೇ ದಂತವೈದ್ಯರು, ಡಾಕ್ಟರ್ ಪಂಚಾಕ್ಷರಿ. ಅವರ ಬಾಗಿಲಿನ ಹಲಗೆಯ ಮೇಲೆ ಹೀಗೆ ಬರೆದಿತ್ತು: 'ಗಂಡಸರಿಗೆ ಸೋಮವಾರದಿಂದ ಶನಿವಾರ. ಹೆಂಗಸರಲ್ಲಿ ಜೇನು ಹರಳಿನವರಿಗೆ ಮಾತ್ರ.' ಈ ನಿಯಮವು ಕಾಠಿನ್ಯದಿಂದ ಹುಟ್ಟಿದ್ದಲ್ಲ, ಕರುಣೆಯಿಂದ ಹುಟ್ಟಿದ್ದು. ವೃತ್ತಿಯ ಮೊದಲ ವರ್ಷದಲ್ಲಿ ಕೆಂಪು ಹರಳಿನ ಹೆಂಗಸೊಬ್ಬಳಿಗೆ ಎರಡು ಸೂಜಿ ಚುಚ್ಚಿದರೂ ದವಡೆ ಜೋಮು ಹಿಡಿಯದೆ, ಹಲ್ಲು ಕೀಳುವಾಗ ಆಕೆ ಮೂರ್ಛೆ ಹೋಗಿದ್ದಳು. ಡಾಕ್ಟರು ಆ ರಾತ್ರಿ ಊಟ ಮಾಡಲಿಲ್ಲವಂತೆ. ಹೆಂಗಸರ ದೇಹ ತಿಂಗಳಿನ ದಿನಗಳಿಗನುಗುಣವಾಗಿ ಔಷಧವನ್ನು ಬೇರೆ ಬೇರೆ ರೀತಿಯಲ್ಲಿ, ತಿಂಗಳ ನಡುವೆ ಎಲ್ಲಕ್ಕಿಂತ ಚೆನ್ನಾಗಿ, ಸ್ವೀಕರಿಸಬಹುದೆಂದು ಎಲ್ಲಿಯೋ ಓದಿದರು. 'ಬಹುದು' ಎಂಬುದು ಅವರ ತಲೆಯಲ್ಲಿ ಒಂದು ವರ್ಷವಿದ್ದು, ಎರಡನೆಯ ವರ್ಷಕ್ಕೆ 'ತ್ತದೆ' ಆಯಿತು. ಮೂರನೆಯ ವರ್ಷ ಹಲಗೆಯಾಗಿ ಬಾಗಿಲಿಗೆ ಏರಿತು.

ನನ್ನ ಅಕ್ಷರ ದುಂಡಗಿದೆಯೆಂಬ ಒಂದೇ ಕಾರಣಕ್ಕೆ ಅವರು ನನ್ನನ್ನು ಕೆಲಸಕ್ಕಿಟ್ಟುಕೊಂಡರು. ಜಿಲ್ಲಾ ಕೇಂದ್ರದಲ್ಲಿ ನಡೆಯಲಿದ್ದ ದಂತವೈದ್ಯರ ಸಮ್ಮೇಳನಕ್ಕೆ ಅವರ ಹನ್ನೊಂದು ವರ್ಷಗಳ ಟಿಪ್ಪಣಿಯನ್ನು ದೊಡ್ಡ ಬಟ್ಟೆಯ ಮೇಲೆ ಪಟ್ಟಿಯಾಗಿ ಬರೆದುಕೊಡಬೇಕಾಗಿತ್ತು. ಬರೆಯುತ್ತ ಹೋದಂತೆ ನನಗೊಂದು ವೈಚಿತ್ರ್ಯ ಕಂಡಿತು. ಹಲಗೆ ಏರಿದ ಮೇಲೆ ಹಲ್ಲು ಕೀಳಿಸಿಕೊಂಡ ಹೆಂಗಸರೆಲ್ಲರೂ ಜೇನು ಹರಳಿನವರೇ. ಆದರೂ ಕೆಲವರಿಗೆ ಒಂದೇ ಸೂಜಿ ಸಾಕಾಗಿತ್ತು, ಕೆಲವರಿಗೆ ಮೂರು ಚುಚ್ಚಿದರೂ ಜೋಮು ಹಿಡಿದಿರಲಿಲ್ಲ. ಅಂಥವರ ಮುಂದೆ ಡಾಕ್ಟರು ಕಾರಣಗಳನ್ನು ಬರೆದಿದ್ದರು: ಭಯ. ಹಸಿ ಉಳ್ಳಾಗಡ್ಡಿ ತಿಂದು ಬಂದದ್ದು. ಅತ್ತೆಯೊಡನೆ ಜಗಳ. ಸ್ವಭಾವತಃ ಗಲಾಟೆ.

ನಾನು ಉಣ್ಣುತ್ತಿದ್ದದ್ದು ಫಕೀರವ್ವನ ಖಾನಾವಳಿಯಲ್ಲಿ. ಮೂವತ್ತಾರರ ಆಸುಪಾಸಿನ ಗಟ್ಟಿಗಿತ್ತಿ. ರೊಟ್ಟಿ ಬಡಿಯುವ ಸದ್ದಿಗೆ ಬೀದಿಯ ನಾಯಿಗಳು ಎದ್ದು ಕೂರುತ್ತಿದ್ದವು. ನಾನು ಬಂದ ಎರಡನೆಯ ವಾರ ಆಕೆಯ ಎಡಗೆನ್ನೆ ಊದಿಕೊಂಡಿತು. ಅಂದಿನಿಂದ ಸಾರು ಕೆಟ್ಟಿತು.

"ಫಕೀರಕ್ಕಾ, ಇವತ್ತ ಉಪ್ಪು ಎರಡ್ ಸಲ ಬಿದ್ದೈತಿ ನೋಡ" ಎಂದ ಪಕ್ಕದಲ್ಲಿ ಕುಳಿತಿದ್ದ ಲಾರಿ ಡ್ರೈವರು.

"ಮೂರ್ ಸಲ ಬಿದ್ದೈತಿ. ಸುಮ್ನ ಉಣ್ಣು. ರುಚಿ ನೋಡಾಕ ನನ್ನ ಬಾಯಿ ತೆರದ್ರ ತಾನ?"

"ತಾವು ವೈದ್ಯರ ಬಳಿಗೆ ತೆರಳುವುದು ಉಚಿತವಲ್ಲವೇ?" ಎಂದು ನಾನು ಕೇಳಿದೆ.

ಆಕೆ ರೊಟ್ಟಿಯನ್ನು ಕೈಯಲ್ಲಿ ಹಿಡಿದೇ ನನ್ನತ್ತ ನೋಡಿದಳು. "ಎಪ್ಪಾ, ನೀವು ಮಾತಾಡಿದ್ರ ಕೋರ್ಟಿನ ನೋಟೀಸ್ ಬಂದಂಗ ಆಕ್ಕೈತ್ರಿ. ನನ್ನ ಹರಳು ನೋಡ್ರಿ. ಹೊಗಿ. ಇದು ಕೆಂಪಾಗಿ, ಬಿಳದಾಗಿ, ಜೇನಾಗಬೇಕಂದ್ರ ಇನ್ನ ಹದಿನೆಂಟ್ ದಿವಸ. ಹಲ್ಲಿಗೇನ್ ಗೊತ್ತ್ರೀ ಪಂಚಾಂಗ?"

ಇದು ನಡೆದದ್ದು ಬೆಳಗಿನ ಎಂಟು ಗಂಟೆಗೆ. ಹನ್ನೊಂದು ಗಂಟೆಗೆ ನಾನು ದವಾಖಾನೆಯ ಮೂಲೆಯಲ್ಲಿ ಬಟ್ಟೆ ಹಾಸಿಕೊಂಡು ಬರೆಯುತ್ತಿರುವಾಗ ಫಕೀರವ್ವ ಒಳಗೆ ಬಂದಳು. ನರ್ಸು ಮೆಹಬೂಬಿ ಎಲ್ಲ ಹೆಂಗಸರನ್ನೂ ಮೊದಲು ಬಾಯಿ ಮುಕ್ಕಳಿಸಲೆಂದು ಪರದೆಯ ಹಿಂದೆ ಕರೆದೊಯ್ಯುತ್ತಿದ್ದಳು, ಇವಳನ್ನೂ ಕರೆದೊಯ್ದಳು. ಪರದೆ ಸರಿಸಿ ಹೊರಗೆ ಬಂದು ಕುರ್ಚಿಯೇರಿದ ಫಕೀರವ್ವನ ಮೂಗಿನಲ್ಲಿ ಹರಳು ಜೇನಿನಂತೆ ಹೊಳೆಯುತ್ತಿತ್ತು! ಅದರ ಅಂಚಿನಲ್ಲಿ ಅಕ್ಕಿಯ ನುಚ್ಚಿನಷ್ಟು ಚಿಕ್ಕದೊಂದು ಮುಕ್ಕು. ಅದೇ ಮುಕ್ಕನ್ನು ನಾನು ಅಂದು ಬೆಳಿಗ್ಗೆಯೇ, ಇದೇ ಕುರ್ಚಿಯಲ್ಲಿ, ಬಳೆಗಾರ್ತಿಯೊಬ್ಬಳ ಮೂಗಿನಲ್ಲಿ ಕಂಡಿದ್ದೆ. ಹಿಂದಿನ ದಿನ ಅಂಚೆ ಕಚೇರಿಯ ಹೆಂಗಸಿನ ಮೂಗಿನಲ್ಲಿಯೂ ಕಂಡಿದ್ದೆ. ವಾಚಕರೇ, ನನ್ನ ರೋಮಗಳು ನಿಮಿರಿದವು. ಇನ್ನೂರು ಕಾದಂಬರಿಗಳನ್ನು ಓದಿದವನಿಗೆ ಜೀವನದಲ್ಲಿ ಒಮ್ಮೆ ಮಾತ್ರ ಒದಗುವ ಕ್ಷಣವದು.

"ಬಾಯಿ ತೆಗೀಯವ್ವಾ" ಎಂದರು ಡಾಕ್ಟರು, ಬಾಗಿ ಮೊದಲು ಮೂಗನ್ನೂ ಆಮೇಲೆ ಬಾಯನ್ನೂ ನೋಡಿ. "ಹಾಂ, ಜೇನು. ಛಲೋ ಆತು. ಒಂದ ಸೂಜಿ ಸಾಕು."

ಸೂಜಿ ಚುಚ್ಚಿ ಐದು ನಿಮಿಷ ಬಿಟ್ಟು ಇಕ್ಕಳ ಹಾಕಿದೊಡನೆ ಫಕೀರವ್ವನ ಎರಡೂ ಕಾಲುಗಳು ಮೇಲೆದ್ದವು.

"ಡಾಕ್ಟರ್ರ, ಬ್ಯಾನಿ ಆಕ್ಕೈತ್ರಿ!"

"ಆಗಂಗಿಲ್ಲ."

"ಆಕ್ಕೈತ್ರಿ ಯಪ್ಪಾ!"

"ಜೇನ್ ಹರಳಿಗೆ ಆಗಂಗಿಲ್ಲಬೇ. ಅದು ಬ್ಯಾನಿ ಅಲ್ಲ, ಹೆದರಿಕಿ. ದೇವರ ಹೆಸರ ತಗೋ."

ಆಕೆ ದೇವರ ಹೆಸರನ್ನು ತೆಗೆದುಕೊಳ್ಳಲಿಲ್ಲ. ಡಾಕ್ಟರ ಮಣಿಕಟ್ಟನ್ನು ಹಿಡಿದಳು. ಇಕ್ಕಳ ಜಾರಿ, ಹಲ್ಲಿನ ಮೇಲ್ಭಾಗ ಮುರಿದು, ಬೇರು ಒಳಗೇ ಉಳಿಯಿತು. ಕಣ್ಣೀರು ಒರೆಸಿಕೊಳ್ಳುತ್ತ ಹೊರಟ ಆಕೆಯ ಬೆನ್ನನ್ನು ನೋಡಿ ಡಾಕ್ಟರು ನಿಜವಾಗಿಯೂ ಮರುಗಿದರು. ಆಮೇಲೆ ಟಿಪ್ಪಣಿಯಲ್ಲಿ 'ಭಯ' ಎಂದು ಬರೆದರು.

ನಾನು ಏಕೆ ಬಾಯಿ ಬಿಡಲಿಲ್ಲವೆಂದು ತಾವು ಕೇಳಬಹುದು. ಲಜ್ಜೆಯಿಂದ ಉತ್ತರಿಸುತ್ತೇನೆ: ಪತ್ತೇದಾರನು ಅರ್ಧ ಪುಸ್ತಕದಲ್ಲಿಯೇ ಗುಟ್ಟು ಬಿಟ್ಟುಕೊಟ್ಟದ್ದನ್ನು ನಾನೆಲ್ಲಿಯೂ ಓದಿರಲಿಲ್ಲ. ಇನ್ನಷ್ಟು ಸಾಕ್ಷ್ಯ ಕೂಡಲಿ ಎಂದು ಕಾದೆ. ಆ ಮೂರು ದಿನಗಳಲ್ಲಿ ಮುಕ್ಕಾದ ಹರಳನ್ನು ಇನ್ನೂ ಐದು ಮೂಗುಗಳಲ್ಲಿ ಎಣಿಸಿದೆ. ಅದೇ ಮೂರು ದಿನಗಳಲ್ಲಿ ಫಕೀರವ್ವನ ಊತ ಕೆನ್ನೆಯಿಂದ ಗದ್ದದ ಕೆಳಕ್ಕೆ ಇಳಿಯಿತು. ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ಮೂರನೆಯ ದಿನ ಖಾನಾವಳಿಯಲ್ಲಿ ಒಲೆ ಹೊತ್ತಲಿಲ್ಲ. ಆಕೆ ಜ್ವರದಲ್ಲಿ ಗೋಡೆಗೊರಗಿ ಕುಳಿತು ನುಂಗಲಾಗದ ಉಗುಳನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದಳು. ನನ್ನ ಸಾಕ್ಷ್ಯಗಳೆಲ್ಲವೂ ಆ ಸೆರಗನ್ನು ಕಂಡು ನಾಚಿಕೊಂಡವು. ನಾನೂ ಲಾರಿ ಡ್ರೈವರೂ ಸೇರಿ ಆಕೆಯನ್ನು ದವಾಖಾನೆಗೆ ಕರೆತಂದೆವು.

ಡಾಕ್ಟರು ಗದ್ದದ ಕೆಳಗೆ ಒತ್ತಿ ನೋಡಿ ಮೆಹಬೂಬಿಯತ್ತ ತಿರುಗಿದರು. "ಇದು ಗಂಟಲಿಗೆ ಇಳಿಯಾಕ ಹತ್ತೈತಿ. ಇಳೀತಂದ್ರ ಉಸಿರು ಕಟ್ಟತೈತಿ. ದೊಡ್ಡ ದವಾಖಾನಿ ನಾಕ್ ತಾಸಿನ ಹಾದಿ. ಈ ಬೇರು ಈಗಿಂದೀಗ ಬರಬೇಕು, ಕೀವು ಹೊರಗ ಹೋಗಬೇಕು." ಎಂದಿನ ಅಭ್ಯಾಸದಂತೆ ಅವರ ಕಣ್ಣು ಮೂಗಿಗೆ ಹೋಯಿತು. ಮೆಹಬೂಬಿ ಅಷ್ಟರಲ್ಲಿಯೇ ಪರದೆಯ ಹಿಂದೆ ತನ್ನ ಕೆಲಸ ಮಾಡಿ ಮುಗಿಸಿದ್ದಳು. "ಜೇನು" ಎಂದರು ಡಾಕ್ಟರು ನಿಟ್ಟುಸಿರಿಟ್ಟು. "ದೇವರು ದೊಡ್ಡಾಂವ. ಒಂದ ಸೂಜಿ."

ಆಗ ನಾನು ಎದ್ದು ನಿಂತೆ. ಬೆಂಚಿನ ಮೇಲೆ ಆರು ಮಂದಿ ಹೆಂಗಸರು ಸರದಿಗಾಗಿ ಕುಳಿತಿದ್ದರು. ಕಡೆಯ ಅಧ್ಯಾಯದಲ್ಲಿ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಸೇರಿಸುವುದು ಪದ್ಧತಿ. ಇಲ್ಲಿ ಅವರು ತಾವಾಗಿಯೇ ಸೇರಿದ್ದರು.

"ಡಾಕ್ಟರೇ, ತಡೆಯಿರಿ!" ಎಂದೆ. "ಈ ಮಹಿಳೆಯ ಮೂಗಿನಲ್ಲಿರುವ ಹರಳು ಈಕೆಯದಲ್ಲ. ಕಳೆದ ಐದು ದಿನಗಳಲ್ಲಿ ಇದೇ ಹರಳು, ಅಂಚಿನಲ್ಲಿ ಇದೇ ಮುಕ್ಕಿನೊಡನೆ, ಎಂಟು ಮೂಗುಗಳ ಮೇಲೆ ತಮ್ಮೆದುರು ಬಂದು ಹೋಗಿದೆ. ಇದರ ಬಣ್ಣ ಎಂದಿಗೂ ಬದಲಾಗದು, ಏಕೆಂದರೆ ಇದು ತೀರಿಕೊಂಡವರ ಹರಳು. ಇದನ್ನು ಅಡಗಿಸಿಟ್ಟಿರುವ ವ್ಯಕ್ತಿ ಈ ಕೋಣೆಯಲ್ಲಿಯೇ ಇದ್ದಾರೆ!"

ನಾನು ಉದ್ಗಾರಗಳನ್ನು ನಿರೀಕ್ಷಿಸಿ ಸ್ವಲ್ಪ ವಿರಾಮ ಕೊಟ್ಟೆ. ಬೆಂಚಿನ ಮೇಲಿನ ಆರು ಮಂದಿಯೂ ನನ್ನನ್ನು, ಮಳೆ ನಿಂತ ಮೇಲೆ ಕೊಡೆ ಬಿಚ್ಚಿದವನನ್ನು ನೋಡುವ ಹಾಗೆ ನೋಡಿದರು.

"ಮುಗೀತೇನ್ರಿ?" ಎಂದಳು ಮೆಹಬೂಬಿ. "ಮುಗದಿದ್ರ ಬಾಜೂಕ ಸರೀರಿ, ಬೆಳಕಿಗೆ ಅಡ್ಡ ನಿಂತೀರಿ." ಬಳಿಕ ಡಾಕ್ಟರ ಕಡೆ ತಿರುಗಿ, "ಸರ್, ಅದು ನಮ್ಮ ಅವ್ವಂದು. ಜೇನ್ ದಿವಸದಾಗ ತೀರಕೊಂಡ್ಲು. ಸ್ಪಿರಿಟ್ ಬಾಟ್ಲಿಯೊಳಗ ತೊಳದ ಕೊಡ್ತೀನಿ, ಹೊಲಸೇನೂ ಇಲ್ಲ."

"ಎಷ್ಟ್ ದಿವಸದಿಂದ?"

"ನಾನ್ ಕೆಲಸಕ್ಕ ಬಂದಾಗಿಂದ್ರಿ. ಒಂಬತ್ತ್ ವರ್ಸ. ಹಲ್ಲ್ ನೂಸೂದು ಹರಳ ಕೇಳಿ ನೂಸತೈತೇನ್ ಸರ್? ಹಲಗಿ ನೋಡಿ ಅಳಕೋಂತ ಹೊಳ್ಳಿ ಹೋಗ್ತಿದ್ರು. ನನಗ ತಡಕೊಳ್ಳಾಕ ಆಗಲಿಲ್ಲ."

"ಎಲ್ಲಾರೂ?"

"ಹೆಚ್ಚೂಕಮ್ಮಿ."

ಡಾಕ್ಟರು ಸ್ಟೂಲಿನ ಮೇಲೆ ಕುಳಿತರು. ನಾನು ಮೂರು ವಾರ ದುಂಡಗೆ ಬರೆದ ಬಟ್ಟೆ ಗೋಡೆಯ ಮೇಲೆ ತೂಗುತ್ತಿತ್ತು. ಅವರು ಅದನ್ನೇ ನೋಡುತ್ತ, ಬಹಳ ಮೆಲ್ಲಗೆ ಕೇಳಿದರು: "ನಮ್ಮ ಮನಿಯಾಕಿ?"

"ಅಕ್ಕಾರು ಎರಡ ಸಲ ಅಷ್ಟ ಸರ್" ಎಂದು ಮೆಹಬೂಬಿ ಸಮಾಧಾನ ಹೇಳಿದಳು.

ಬೆಂಚಿನ ಮೇಲೆ ಯಾರೋ ಕಿಸಕ್ಕೆಂದು ನಕ್ಕರು. ಆ ನಗೆಯನ್ನು ತಡೆದದ್ದು ಫಕೀರವ್ವನ ಕೈ. ಮಾತಾಡಲು ಆಕೆಗೆ ಬಾಯಿ ತೆರೆಯುತ್ತಿರಲಿಲ್ಲ. ಮೂಗುಬೊಟ್ಟನ್ನು ತಿರುವಿ ಕಿತ್ತು ಮೆಹಬೂಬಿಯ ಅಂಗೈಯಲ್ಲಿಟ್ಟಳು. ತೆಗೆದಿರಿಸಿದ್ದ ಆಕೆಯ ಸ್ವಂತ ಹೊಗೆ ಹರಳನ್ನು ಕೊಡಲು ಮೆಹಬೂಬಿ ಕೈ ನೀಡಿದಾಗ ಬೇಡವೆಂದು ತಲೆಯಾಡಿಸಿದಳು. ಬರಿಯ ಮೂಗಿನೊಡನೆ ಕುರ್ಚಿಯಲ್ಲಿ ಹಿಂದಕ್ಕೊರಗಿ, ಡಾಕ್ಟರ ಕಣ್ಣನ್ನೇ ನೋಡುತ್ತ, ಹಲ್ಲುಗಳ ಸಂದಿನಿಂದ ಹೇಳಿದಳು: "ಈಗ ನನ್ನ ಕೇಳ್ರಿ."

ಡಾಕ್ಟರ್ ಪಂಚಾಕ್ಷರಿ ಬಾಗಿದರು. ಅವರ ಕಣ್ಣು ರೂಢಿಯ ಜಾಗಕ್ಕೆ ಹೋಯಿತು. ಅಲ್ಲಿ ಸಾಸಿವೆ ಕಾಳಿನಷ್ಟು ತೂತಿನ ಹೊರತು ಓದಲು ಏನೂ ಇರಲಿಲ್ಲ. ಹನ್ನೊಂದು ವರ್ಷಗಳಲ್ಲಿ ಅವರು ಈ ಪ್ರಶ್ನೆಯನ್ನು ಗಂಡಸರಿಗೆ ದಿನವೂ ಕೇಳಿದ್ದರು, ಹೆಂಗಸರಿಗೆ ಕೇಳಿರಲಿಲ್ಲ. ಆದ್ದರಿಂದಲೋ ಏನೋ ಅವರ ದನಿ ಬಹುಕಾಲ ತೆರೆಯದ ಬಾಗಿಲಿನ ಹಾಗೆ ಕಿರುಗುಟ್ಟಿತು.

"ಬ್ಯಾನಿ... ಎಷ್ಟ್ ಐತಿ, ಯವ್ವಾ?"

ಆಕೆ ಐದು ಬೆರಳು ತೋರಿಸಿದಳು. ಕೊಂಚ ಯೋಚಿಸಿ ಇನ್ನೊಂದು ಕೈಯದೂ ಐದು ತೋರಿಸಿದಳು.

"ಆತು. ಬ್ಯಾನಿ ಆದ್ರ ಕೈ ಎತ್ತು. ನೀ ಎತ್ತಿದ ಕೂಡ್ಲೇ ನಾ ನಿಲ್ಲಸ್ತೀನಿ. ನೀ ಇಳಿಸೂತನಕ ಮುಟ್ಟಂಗಿಲ್ಲ."

ಕೀವು ತುಂಬಿದ ಜಾಗದಲ್ಲಿ ಔಷಧ ಸರಿಯಾಗಿ ಹಿಡಿಯುವುದಿಲ್ಲವೆಂದು ಹೇಳಿ, ಅವರು ದವಡೆಯ ಹಿಂಭಾಗದಲ್ಲಿ, ನರವಿರುವ ಕಡೆ ಚುಚ್ಚಿದರು. ಹತ್ತು ನಿಮಿಷ ಕಾದರು. ಸಲಾಕೆಯಿಂದ ಮುಟ್ಟಿದರು, ಕೈ ಮೇಲೆದ್ದಿತು. ಅವರು ನಿಲ್ಲಿಸಿದರು. ಇನ್ನೊಂದು ಸೂಜಿ, ಇನ್ನಷ್ಟು ಹೊತ್ತು. ಮುಟ್ಟಿದರು, ಕೈ ಎದ್ದಿತು, ಆದರೆ ಮೊದಲಿನಷ್ಟು ಎತ್ತರಕ್ಕಲ್ಲ. ಬೆಂಚಿನ ಆರು ಮಂದಿಯೂ ತಮಗರಿವಿಲ್ಲದೆ ತಂತಮ್ಮ ಕೈಗಳನ್ನು ತೊಡೆಯ ಮೇಲೆ ಬಿಗಿ ಹಿಡಿದು ಕುಳಿತಿದ್ದರು. "ಹಿಂದ ಇನ್ನೂ ಐತೇನು? ಮುಂದ? ಇಲ್ಲೆ?" ಎಂದು ಡಾಕ್ಟರು ಕೇಳುತ್ತಲೇ ಇದ್ದರು, ಕೇಳಲು ಕಲಿತವರಿಗೆ ನಿಲ್ಲಿಸುವುದು ಕಷ್ಟವೆಂದು ತೋರುತ್ತದೆ. ಮೂರನೆಯ ಸಲ ಮುಟ್ಟಿದಾಗ ಕೈ ಕುರ್ಚಿಯ ತೋಳಿನ ಮೇಲೆಯೇ ಉಳಿಯಿತು.

"ನಿಜವಾಗ್ಲೂ ಇಲ್ಲೇನ್?"

ಫಕೀರವ್ವ ಆ ಕೈಯಿಂದಲೇ 'ಸಾಗಲಿ' ಎಂದು ಸನ್ನೆ ಮಾಡಿದಳು. ಬೇರು ಬಂತು. ಅದರ ಹಿಂದೆಯೇ ಬಂದದ್ದನ್ನು ಊಟದ ಹೊತ್ತಿನಲ್ಲಿ ಓದುವವರಿಗಾಗಿ ನಾನು ವರ್ಣಿಸುವುದಿಲ್ಲ. ಮೆಹಬೂಬಿ ಬಟ್ಟಲು ಹಿಡಿದು "ಉಗುಳಬೇ, ಎಲ್ಲಾ ಉಗುಳಿಬಿಡು" ಎಂದು ಬೆನ್ನು ಸವರುತ್ತಿದ್ದಳು. ಗುಳಿಗೆ ನುಂಗಿ, ಬೆಂಚಿನ ಮೇಲೆ ಮಲಗಿ, ಸಂಜೆಯ ಹೊತ್ತಿಗೆ ಜ್ವರ ಇಳಿದು, ಫಕೀರವ್ವ ನಡೆದೇ ಮನೆಗೆ ಹೋದಳು.

ಮರುದಿನ ಡಾಕ್ಟರು ಗೋಡೆಯ ಬಟ್ಟೆಯನ್ನು ಮಡಿಸಿ ನನ್ನ ಕೈಗೆ ಕೊಟ್ಟರು. ಬಾಗಿಲಿನ ಹಲಗೆಯಲ್ಲಿ ಎರಡನೆಯ ಸಾಲನ್ನೂ ಮೊದಲ ಸಾಲಿನ 'ಗಂಡಸರಿಗೆ' ಎಂಬುದನ್ನೂ ಅಳಿಸಲು ಹೇಳಿದರು. ಸಮ್ಮೇಳನಕ್ಕೆ ಹೋಗುವುದಿಲ್ಲವೇ ಎಂದು ಕೇಳಿದೆ.

"ಹೋಗ್ತೀನಿ. ಒಂಬತ್ತ್ ವರ್ಸ ಒಂದ ಹರಳಿನ ಮ್ಯಾಲೆ ಸಂಶೋಧನಾ ಮಾಡೀನಿ ಅಂತ ಹೇಳ್ತೀನಿ. ನಗ್ಲಿ." ಅವರೂ ನಕ್ಕರು, ಸ್ವಲ್ಪ ತಡವಾಗಿ. "ಆದ್ರ ಒಂದ ಮಾತು. ಆ ಮೊದಲನೇ ಹೆಣಮಗಳ ಬ್ಯಾನಿ ಸುಳ್ಳಲ್ಲ. ದಿವಸಕ್ಕೂ ಔಷಧಕ್ಕೂ ಏನರ ಸಂಬಂಧ ಇದ್ದರೂ ಇರಬಹುದು. ಇನ್ನ ಮ್ಯಾಲೆ ಹರಳೂ ಬರೀತೀನಿ, ಅವರ ಏನಂತಾರ ಅದನ್ನೂ ಬರೀತೀನಿ. ಎರಡೂ ಬ್ಯಾರೆ ಬ್ಯಾರೆ ಹೇಳಿದ್ರ, ಬಾಯಿ ಹೇಳಿದ್ದ ಖರೆ."

ಹೊಸ ಪದ್ಧತಿಯ ಮೊದಲ ಫಲವೆಂದರೆ ಸರದಿ ಮೂರು ಪಟ್ಟು ಉದ್ದವಾಯಿತು. "ಮೊದಲ ಚುಚ್ಚಿ ಕಿತ್ತ್ ಕಳಸ್ತಿದ್ರು, ಈಗ ಸಂದರ್ಶನ ಮಾಡ್ತಾರ" ಎಂದು ಬಳೆಗಾರ್ತಿ ಗೊಣಗಿದಳು. ಮೆಹಬೂಬಿ ತಾಯಿಯ ಹರಳನ್ನು ಸ್ಪಿರಿಟ್ಟಿನಿಂದ ತೆಗೆದು, ಒರೆಸಿ, ಹತ್ತಿಯಲ್ಲಿ ಸುತ್ತಿ ಮನೆಗೆ ಒಯ್ದಳು. ಒಂಬತ್ತು ವರ್ಷ ದುಡಿದ ಹೆಂಗಸನ್ನು ನಿವೃತ್ತಿಯ ದಿನ ಮನೆಗೆ ಕರೆದೊಯ್ಯುವ ಹಾಗಿತ್ತು ಅವಳ ನಡಿಗೆ.

ನನಗಂತೂ ಊರಿನಲ್ಲಿ ಹೊಸ ಹೆಸರು ಬಂದಿತ್ತು. ನಾನು ಬೀದಿಯಲ್ಲಿ ಹೊರಟರೆ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡು "ಪತ್ತೇದಾರ ಬಂದ, ಮುಚ್ಚಕೋರಿ" ಎಂದು ನಗುತ್ತಿದ್ದರು. ಸಾರಿನ ಉಪ್ಪು ಮಾತ್ರ ಸರಿಹೋಗಿತ್ತು. ಐದನೆಯ ದಿನ ಊಟಕ್ಕೆ ಕುಳಿತಾಗ ಫಕೀರವ್ವ ಸೊಂಟದ ಮೇಲೆ ಕೈಯಿಟ್ಟು ನನ್ನೆದುರು ನಿಂತಳು.

"ಏನ್ರಿ, ಬರೇ ಬಲಕ್ಕ ಅಗೀತೀರಿ?"

"ಅದು ನನ್ನ ವಾಡಿಕೆ."

"ವಾಡಿಕಿ ಅಲ್ಲ, ಹಲ್ಲು. ಏಳ್ರಿ."

ಗಂಡಸರಿಗೆ ಎಲ್ಲ ದಿನವೂ ಒಳ್ಳೆಯದಾದ ಕಾರಣ ತಪ್ಪಿಸಿಕೊಳ್ಳಲು ನನಗೆ ಯಾವ ಬಣ್ಣದ ನೆಪವೂ ಇರಲಿಲ್ಲ. ಆಕೆ ನನ್ನನ್ನು ಅಕ್ಷರಶಃ ತೋಳು ಹಿಡಿದು ದವಾಖಾನೆಗೆ ಎಳೆದೊಯ್ದಳು. ಡಾಕ್ಟರು ಕನ್ನಡಿ ಹಿಡಿದು ಎಡದವಡೆಯನ್ನು ನೋಡಿದರು; ಮೆಹಬೂಬಿ ಹಿಂದಿನಿಂದ ಇಣುಕಿದಳು. ಟ್ರೇಯಲ್ಲಿ ಇಕ್ಕಳ ಮಲಗಿತ್ತು. ಅದರ ಬಾಯಿ ಇಷ್ಟು ದೊಡ್ಡದಿದೆಯೆಂದು ಮೂರು ವಾರ ಅದೇ ಕೋಣೆಯಲ್ಲಿ ಕುಳಿತಿದ್ದರೂ ನಾನು ಗಮನಿಸಿರಲಿಲ್ಲ.

"ತೂತು ಬಿದ್ದೈತಿ" ಎಂದರು ಡಾಕ್ಟರು. ಕನ್ನಡಿ ತೆಗೆದು, ನನ್ನ ಕಣ್ಣಿಗೆ ಕಣ್ಣಿಟ್ಟು, ಈಚೆಗೆ ಕಲಿತ ಎಲ್ಲ ಶ್ರದ್ಧೆಯಿಂದ ಕೇಳಿದರು: "ಬ್ಯಾನಿ ಐತೇನ್ರಿ?"

ವಾಚಕರೇ, ನನ್ನ ಎಡಗೆನ್ನೆಯೊಳಗೆ ಆ ಕ್ಷಣದಲ್ಲಿ ಯಾರೋ ಕಮ್ಮಾರಸಾಲೆ ನಡೆಸುತ್ತಿದ್ದರು.

"ಕಿಂಚಿತ್ತೂ ಇಲ್ಲ" ಎಂದೆ.

ಅವರು ಒಂದು ಕ್ಷಣವೂ ಸಂದೇಹಿಸಲಿಲ್ಲ. ಇಕ್ಕಳವನ್ನು ಬದಿಗಿಟ್ಟು, ಹೊಸ ಟಿಪ್ಪಣಿ ಪುಸ್ತಕದಲ್ಲಿ 'ನೋವಿಲ್ಲವೆಂದು ಹೇಳಿದರು' ಎಂದು ಬರೆದು, ಅಡಿಗೆರೆ ಎಳೆದರು. ಬಾಗಿಲಿಗೊರಗಿ ನಿಂತಿದ್ದ ಫಕೀರವ್ವ ನನ್ನ ಮೂಗನ್ನು ನೋಡಿದಳು, ಡಾಕ್ಟರನ್ನು ನೋಡಿದಳು, ಬಾಯಿಗೆ ಸೆರಗು ಅಡ್ಡ ಹಿಡಿದು ಹೊರಗೆ ಹೋದಳು. ಅವಳ ಭುಜಗಳು ಕುಣಿಯುತ್ತಿದ್ದವು.

ನನಗೆ ಅಲೆಮಾರಿತನ ಒಮ್ಮೆಲೇ ನೆನಪಾಯಿತು. ಎರಡು ಅಂಗಿ, ಒಂದು ಪಂಚೆ, ಓದಿ ಮುಗಿಯದ ಒಂದು ಕಾದಂಬರಿ, ಇಷ್ಟನ್ನೂ ಚೀಲಕ್ಕೆ ತುಂಬಲು ಬಹಳ ಹೊತ್ತು ಹಿಡಿಯಲಿಲ್ಲ. ಬಸ್ಸು ಹೊರಡುವ ಹೊತ್ತಿಗೆ ಫಕೀರವ್ವ ಬಂದು ಕಿಟಕಿಯೊಳಗಿನಿಂದ ಒಂದು ಬುತ್ತಿಗಂಟು ತುರುಕಿದಳು.

"ಇನ್ನೊಂದ್ ಎರಡ್ ದಿವಸ ಇರಬಹುದಿತ್ತಲ್ರಿ?"

"ನನ್ನ ಪಯಣ ಅನಿವಾರ್ಯ" ಎಂದೆ.

"ಹೌದ್ರಿ ಹೌದು. ಹೋಗಿ ಬರ್ರಿ."

ಬಸ್ಸು ಊರಿನ ಕಡೆಯ ಮನೆಯನ್ನು ದಾಟಿದ ಮೇಲೆ ಗಂಟು ಬಿಚ್ಚಿದೆ. ಆ ಖಾನಾವಳಿಯಿಂದ ಊರು ಬಿಡುವವರಿಗೆಲ್ಲ ಒಂದು ವಾರ ಕೆಡದ ಗಟ್ಟಿ ಕಟಕರೊಟ್ಟಿ ಕಟ್ಟಿಕೊಡುವುದು ರೂಢಿ. ನನ್ನ ಗಂಟಿನಲ್ಲಿ ರೊಟ್ಟಿ ಇರಲಿಲ್ಲ. ಕೈಯಿಂದ ಚೆನ್ನಾಗಿ ಕಿವುಚಿ, ಒಂದು ಅಗುಳೂ ಇಡಿಯಾಗಿ ಉಳಿಯದಂತೆ ಮೆತ್ತಗೆ ಮಾಡಿದ ಮೊಸರನ್ನವಿತ್ತು. ಅದರ ಅಂಚಿನಲ್ಲಿ, ಎಲೆಯ ಚೂರಿನಲ್ಲಿ ಸುತ್ತಿದ ನಾಲ್ಕು ಲವಂಗ.

ನಾನು ಒಂದು ಲವಂಗವನ್ನು ಎಡದವಡೆಯಲ್ಲಿಟ್ಟುಕೊಂಡು, ಕಂಡಕ್ಟರನ್ನು ಕರೆದು, ಮುಂದಿನ ಊರಿಗೆ ಟಿಕೆಟು ಕೇಳಿದೆ.